ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ನಿಜವಾದ ದೂರ ಎಷ್ಟು, ಹಿಡಿಯುವ ಸಮಯ ಎಷ್ಟು?

ಪ್ರಶ್ನೆ: ತುಮಕೂರಿನವ

ನಮ್ಮ ತಂದೆ ತಾಯಿ ಇಬ್ಬರೂ ಎಪ್ಪತ್ತರ ಆಸುಪಾಸಿನವರು. ಬರುವ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಸನಿವೇಲ್‌ನಲ್ಲಿರುವ ತಂಗಿಯ ಮನೆಗೆ ಹೋಗಿ, ಏಪ್ರಿಲ್ ಕೊನೆಗೆ ಹಿಂದಿರುಗುವವರಿದ್ದಾರೆ. ಟಿಕೆಟ್ ಕೊಳ್ಳುವ ಮೊದಲು ದೂರ ಮತ್ತು ಹಾರಾಟದ ಅವಧಿಯನ್ನು ಖಚಿತವಾಗಿ ತಿಳಿದುಕೊಳ್ಳೋಣವೆಂದು ಹುಡುಕಲು ಕುಳಿತರೆ, ಹುಡುಕಿದಷ್ಟೂ ಗೊಂದಲವೇ ಹೆಚ್ಚಾಗುತ್ತಿದೆ. ಒಂದು ಜಾಲತಾಣ 14,000 ಕಿ.ಮೀ. ಎನ್ನುತ್ತದೆ, ಇನ್ನೊಂದು 8,700 ಎನ್ನುತ್ತದೆ, ಮತ್ತೊಂದು 7,550 ಎನ್ನುತ್ತದೆ. ಅವಧಿಯ ವಿಷಯಕ್ಕೆ ಬಂದರೆ ಒಂದು ಕಡೆ ಹದಿನಾರು ಗಂಟೆ, ಇನ್ನೊಂದು ಕಡೆ ಹದಿನೇಳೂವರೆ ಗಂಟೆ. ಟಿಕೆಟ್ ಮಾರುವವರ ಪುಟದಲ್ಲಿ ಇಪ್ಪತ್ತರಿಂದ ಮೂವತ್ತು ಗಂಟೆಯವರೆಗೆ ಬಗೆಬಗೆಯ ಅಂಕಿಗಳು.

ಇದರ ಜೊತೆಗೆ ನಮ್ಮ ತಂದೆಯವರ ತಕರಾರು ಬೇರೆ. ಅವರು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದವರು. ಗೋಡೆಯ ಭೂಪಟದ ಮೇಲೆ ಅಡಿಕೋಲು ಇಟ್ಟು ಗೆರೆ ಎಳೆದು, ಪೆಸಿಫಿಕ್ ಸಾಗರವನ್ನು ನೇರವಾಗಿ ದಾಟುವ ದಾರಿ ಇಷ್ಟು ಸರಾಗವಾಗಿರುವಾಗ ವಿಮಾನವು ರಷ್ಯಾ, ಉತ್ತರ ಧ್ರುವ ಎಂದು ಏಕೆ ಸುತ್ತಬೇಕು ಎಂದು ಕೇಳುತ್ತಿದ್ದಾರೆ. ಹೋಗುವಾಗ ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ತಲುಪುವುದು, ಬರುವಾಗ ಶನಿವಾರ ಹೊರಟು ಸೋಮವಾರ ತಲುಪುವುದು ಹೇಗೆ ಎಂಬುದೂ ಅವರಿಗೆ ಒಗಟಾಗಿದೆ. ಬಲ್ಲವರು ದಯವಿಟ್ಟು ಸ್ವಲ್ಪ ವಿವರವಾಗಿಯೇ ತಿಳಿಸಬೇಕು. ಉತ್ತರಗಳನ್ನು ಮುದ್ರಿಸಿ ಅವರ ಕೈಗೆ ಕೊಡುವವನಿದ್ದೇನೆ.

ಉತ್ತರ: ಅಕ್ಷಾಂಶ

ಮೊದಲು ದೂರದ ಲೆಕ್ಕವನ್ನು ಮುಗಿಸೋಣ. ನೀವು ಕಂಡ ಮೂರು ಅಂಕಿಗಳಲ್ಲಿ ಜಗಳವಿಲ್ಲ. 14,000 ಎಂಬುದು ಕಿಲೋಮೀಟರ್, 8,700 ಎಂಬುದು ರಸ್ತೆಯಲ್ಲಿ ಬಳಸುವ ಸಾಧಾರಣ ಮೈಲಿ, 7,550 ಎಂಬುದು ವಿಮಾನ ಮತ್ತು ಹಡಗಿನವರು ಬಳಸುವ ನಾವಿಕ ಮೈಲಿ. ಒಂದು ನಾವಿಕ ಮೈಲಿ ಎಂದರೆ 1.852 ಕಿ.ಮೀ. ಈ ಜಾಲತಾಣಗಳಲ್ಲಿ ಕೆಲವು ಬರಿಯ ಮೈಲಿ ಎಂದು ಬರೆದು ಯಾವ ಮೈಲಿ ಎಂಬುದನ್ನು ಹೇಳುವುದೇ ಇಲ್ಲ.

ಮೇಷ್ಟ್ರಿಗೆ ಲೆಕ್ಕದ ಒಳಗನ್ನೂ ತೋರಿಸುವುದು ಒಳ್ಳೆಯದು. ಕೆಂಪೇಗೌಡ ವಿಮಾನ ನಿಲ್ದಾಣ ಸುಮಾರು 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮದಲ್ಲಿದೆ. ಪೂರ್ವಾಭಿಮುಖವಾಗಿ ಎಣಿಸಿದರೆ ಇವೆರಡರ ನಡುವಿನ ರೇಖಾಂಶದ ಅಂತರ ಸುಮಾರು 160 ಡಿಗ್ರಿ; ಅಂದರೆ ಒಂದು ಊರು ಭೂಗೋಳದ ಈ ಮಗ್ಗುಲಲ್ಲಿದ್ದರೆ ಇನ್ನೊಂದು ಹೆಚ್ಚುಕಡಿಮೆ ಆ ಮಗ್ಗುಲಲ್ಲಿದೆ. ಭೂಮಿಯ ಕೇಂದ್ರದಿಂದ ಎರಡೂ ನಿಲ್ದಾಣಗಳಿಗೆ ಗೆರೆ ಎಳೆದರೆ ಅವುಗಳ ನಡುವಣ ಕೋನ 125.8 ಡಿಗ್ರಿ ಬರುತ್ತದೆ. ನೆಲದ ಮೇಲೆ ಒಂದು ಡಿಗ್ರಿಗೆ ಸುಮಾರು 111.2 ಕಿ.ಮೀ. ಗುಣಿಸಿದರೆ 13,990 ಚಿಲ್ಲರೆ. ಇದು ಭೂಮಿಯ ಮೇಲ್ಮೈಯ ಮೇಲೆ ಸಾಧ್ಯವಿರುವ ಅತಿ ಕಡಿಮೆ ದೂರ. ಇದನ್ನು ಮಹಾವೃತ್ತದ ದೂರ ಎನ್ನುತ್ತಾರೆ.

ಅಡಿಕೋಲಿನ ಗೆರೆ ಏಕೆ ಮೋಸ ಮಾಡುತ್ತದೆ ಎಂಬುದಕ್ಕೆ ಕಾರಣ ಭೂಪಟದಲ್ಲಿದೆ. ನಮ್ಮ ಶಾಲೆಗಳ ಗೋಡೆಯಲ್ಲಿ ತೂಗುವ ಪಟಗಳಲ್ಲಿ ಹೆಚ್ಚಿನವು ಉತ್ತರದ ಪ್ರದೇಶಗಳನ್ನು ಅಡ್ಡಡ್ಡ ಹಿಗ್ಗಿಸಿ ತೋರಿಸುತ್ತವೆ. ಧ್ರುವವಂತೂ ಬಿಂದುವಾಗಿ ಉಳಿಯದೆ ಪಟದ ಮೇಲಂಚಿನ ಉದ್ದಕ್ಕೂ ಹರಡಿಕೊಂಡಿರುತ್ತದೆ. ಅಂಥ ಪಟದಲ್ಲಿ ಬೆಂಗಳೂರಿನಿಂದ ಪೆಸಿಫಿಕ್ ಮೇಲೆ ಎಳೆದ ನೇರ ಗೆರೆ, ಹೆಚ್ಚುಕಡಿಮೆ ದಿಕ್ಸೂಚಿಯ ಒಂದೇ ಕೋನವನ್ನು ಹಿಡಿದು ಸಾಗುವ ದಾರಿಯಾಗುತ್ತದೆ. ಅದರ ಉದ್ದವನ್ನು ಲೆಕ್ಕ ಹಾಕಿದೆ: ಸುಮಾರು 16,100 ಕಿ.ಮೀ. ನೇರವಾಗಿ ಕಾಣುವ ದಾರಿಯೇ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಬಳಸು.

ಮನೆಯಲ್ಲಿ ಗೋಳವಿದ್ದರೆ ಒಂದು ದಾರ ತೆಗೆದುಕೊಂಡು ಅದರ ತುದಿಯನ್ನು ಬೆಂಗಳೂರಿನ ಮೇಲೆ ಬೆರಳಿನಿಂದ ಒತ್ತಿ ಹಿಡಿಯಲಿ, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲಿಟ್ಟು ಸಡಿಲವಿಲ್ಲದಂತೆ ಎಳೆಯಲಿ. ದಾರವು ತಾನಾಗಿಯೇ ಉತ್ತರಕ್ಕೆ ಜಾರುತ್ತದೆ. ಬೆಂಗಳೂರಿನಿಂದ ಅದು ಉತ್ತರದಿಂದ ಪೂರ್ವಕ್ಕೆ ಇಪ್ಪತ್ತು ಡಿಗ್ರಿಯಷ್ಟು ಮಾತ್ರ ವಾಲಿ ಹೊರಟು, ನೇಪಾಳದ ನಡುಭಾಗ, ಟಿಬೆಟ್, ಷಿನ್‌ಜಿಯಾಂಗ್, ಮಂಗೋಲಿಯದ ಪಶ್ಚಿಮ ಭಾಗ, ಸೈಬೀರಿಯ ಇವನ್ನೆಲ್ಲ ದಾಟಿ, ಆರ್ಕ್ಟಿಕ್ ಕರಾವಳಿಯ ಬಳಿ 71 ಡಿಗ್ರಿ ಉತ್ತರ ಅಕ್ಷಾಂಶದವರೆಗೂ ಏರಿ, ಅಲಾಸ್ಕದ ಮೇಲೆ ಇಳಿದು, ಅಲ್ಲಿಂದ ಕಡಲಿನ ಮೇಲೆ ದಕ್ಷಿಣಕ್ಕೆ ಬಂದು ಕ್ಯಾಲಿಫೋರ್ನಿಯಾ ಸೇರುತ್ತದೆ. ಮೇಷ್ಟ್ರು ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಅತಿ ಕಡಿಮೆ ದೂರದ ದಾರಿ ಧ್ರುವದ ಮೇಲೆ ಹೋಗುವುದಿಲ್ಲ. ಆದರೆ ಸರಿಯಾಗಿ ಧ್ರುವದ ಮೇಲೆಯೇ ಹೋದರೂ ಒಟ್ಟು ದೂರ ಸುಮಾರು 14,370 ಕಿ.ಮೀ. ಆಗುತ್ತದೆಯೇ ಹೊರತು ಅದಕ್ಕಿಂತ ಹೆಚ್ಚಲ್ಲ. ನಾನೂರು ಕಿಲೋಮೀಟರಿಗೂ ಕಡಿಮೆ ವ್ಯತ್ಯಾಸ. ಹೀಗಾಗಿ ಈ ಎರಡು ಊರುಗಳ ನಡುವೆ ಧ್ರುವಮಾರ್ಗವೆಂಬುದು ಬಳಸು ದಾರಿಯ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಜಾಲತಾಣಗಳು ಕೊಡುವ ಗಂಟೆಗಳ ವಿಚಾರ. ಅವುಗಳಲ್ಲಿ ಬಹುತೇಕ ಈ 14,000ವನ್ನು ತಮಗೆ ತೋಚಿದ ಒಂದು ಸರಾಸರಿ ವೇಗದಿಂದ ಭಾಗಿಸಿ ಉತ್ತರ ಕೊಡುತ್ತವೆ. ಗಂಟೆಗೆ 800 ಕಿ.ಮೀ. ಎಂದು ಹಿಡಿದವರಿಗೆ ಹದಿನೇಳೂವರೆ ಗಂಟೆ. 900 ಎಂದು ಹಿಡಿದು, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿದವರಿಗೆ ಹದಿನಾರು. ಗಾಳಿ ಯಾವ ಕಡೆ ಬೀಸುತ್ತದೆ, ಯಾವ ದೇಶದ ಆಕಾಶ ತೆರೆದಿದೆ ಎಂಬುದನ್ನು ಆ ಭಾಗಾಕಾರ ಕೇಳುವುದಿಲ್ಲ. ಆದ್ದರಿಂದಲೇ ಹೋಗುವುದಕ್ಕೂ ಬರುವುದಕ್ಕೂ ಅವು ಒಂದೇ ಅಂಕಿಯನ್ನು ಕೊಡುತ್ತವೆ.

ಉತ್ತರ: ಹಳೆಯ_ಡಿಸ್ಪ್ಯಾಚರ್

ವಿಮಾನ ಸಂಸ್ಥೆಗಳಿಗಾಗಿ ಹಾರಾಟದ ಯೋಜನೆ ಸಿದ್ಧಪಡಿಸುವ ಕೆಲಸದಲ್ಲಿ ಬಹುಕಾಲ ಇದ್ದವನು ನಾನು. ಮೇಲಿನವರು ಹೇಳಿದ ದಾರದ ದಾರಿ ಸರಿಯಾದದ್ದೇ. ಆದರೆ ಬೆಂಗಳೂರಿನಿಂದ ಹೊರಟ ಪ್ರಯಾಣಿಕ ವಿಮಾನ ಆ ದಾರಿಯಲ್ಲಿ ಹಾಗೆಯೇ ಹಾರುವುದಿಲ್ಲ, ಮತ್ತು ಅದಕ್ಕೆ ಮೊದಲ ಕಾರಣ ಟಿಬೆಟ್.

ಹತ್ತು ಸಾವಿರ ಮೀಟರ್ ಎತ್ತರದಲ್ಲಿ ಹಾರುವ ವಿಮಾನಕ್ಕೆ ಪರ್ವತ ತಗುಲುವ ಭಯವಿಲ್ಲವಲ್ಲ ಎಂದು ಅನೇಕರು ಕೇಳುತ್ತಾರೆ. ತೊಂದರೆ ಬರುವುದು ಒಳಗಿನ ಗಾಳಿಯ ಒತ್ತಡ ತಪ್ಪಿದಾಗ. ಆಗ ಆಸನದ ಮೇಲಿನಿಂದ ಇಳಿಬೀಳುವ ಮುಖವಾಡಗಳಲ್ಲಿ ಪ್ರಯಾಣಿಕರಿಗೆ ಸಿಗುವ ಆಮ್ಲಜನಕ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಸಾಕಾಗುವಷ್ಟು ಮಾತ್ರ. ಅಷ್ಟರೊಳಗೆ ಪೈಲಟ್ ಸುಮಾರು ಮೂರು ಸಾವಿರ ಮೀಟರ್ ಎತ್ತರಕ್ಕೆ, ಅಂದರೆ ಮನುಷ್ಯ ಮುಖವಾಡವಿಲ್ಲದೆ ಉಸಿರಾಡಬಲ್ಲ ಮಟ್ಟಕ್ಕೆ, ಇಳಿಯಬೇಕು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿದೆ. ಇಳಿಯಬೇಕಾದ ಮಟ್ಟ ಅಲ್ಲಿ ನೆಲದ ಅಡಿಗೆ ಬೀಳುತ್ತದೆ. ಪ್ರಸ್ಥಭೂಮಿ ಇಷ್ಟು ವಿಶಾಲವಾಗಿರುವುದರಿಂದ ಬೇಗನೆ ಅದರ ಅಂಚಿಗೆ ಓಡಿ ಪಾರಾಗುವುದೂ ಸಾಧ್ಯವಿಲ್ಲ. ಹೀಗಾಗಿ ಅದನ್ನು ಪಶ್ಚಿಮದಿಂದಲೋ ಪೂರ್ವದಿಂದಲೋ ಬಳಸಿ ಹೋಗುವುದೇ ರೂಢಿ.

ಪಶ್ಚಿಮದಿಂದ ಬಳಸಿದರೆ ಪಾಕಿಸ್ತಾನ, ಅಫ್ಘಾನಿಸ್ತಾನ, ಮಧ್ಯ ಏಷ್ಯಾ, ರಷ್ಯಾ, ಆಮೇಲೆ ಆರ್ಕ್ಟಿಕ್. ಪೂರ್ವದಿಂದ ಬಳಸಿದರೆ ಬಂಗಾಳ ಕೊಲ್ಲಿ, ಮ್ಯಾನ್ಮಾರ್, ಚೀನ, ಜಪಾನಿನ ಆಸುಪಾಸು, ಆಮೇಲೆ ಪೆಸಿಫಿಕ್. ಟೋಕಿಯೊ ಮೇಲೆ ಹಾದುಹೋಗುವಂತೆ ಎಣಿಸಿದರೆ ಈ ಎರಡನೆಯ ದಾರಿ ಸುಮಾರು 14,900 ಕಿ.ಮೀ. ಆಗುತ್ತದೆ. ಕನಿಷ್ಠ ದೂರಕ್ಕಿಂತ ಒಂಬೈನೂರು ಕಿಲೋಮೀಟರ್ ಹೆಚ್ಚು. ಆದರೂ ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ತೀರಕ್ಕೆ ಹೋಗುವಾಗ ಅದೇ ಬಹಳ ಸಲ ಬೇಗನೆ ತಲುಪಿಸುವ ದಾರಿಯಾಗುತ್ತದೆ, ಏಕೆಂದರೆ ಆ ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ನದಿಯ ಹಾಗೆ ಹರಿಯುತ್ತಿರುತ್ತದೆ. ಜೆಟ್ ಸ್ಟ್ರೀಮ್ ಎಂದು ಕರೆಯುವುದು ಇದನ್ನೇ. ಚಳಿಗಾಲದಲ್ಲಿ ಜಪಾನಿನ ಸುತ್ತ ಅದರ ರಭಸ ಗಂಟೆಗೆ 200 ಕಿ.ಮೀ. ಮೀರುವುದು ಸಾಮಾನ್ಯ. ನಿಮ್ಮ ತಂದೆ ತಾಯಿ ಹೊರಡುವ ಜನವರಿಯೇ ಅದಕ್ಕೆ ಹೇಳಿ ಮಾಡಿಸಿದ ಕಾಲ.

ಗಾಳಿಯ ಪರಿಣಾಮ ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ದಾರಿ 14,500 ಕಿ.ಮೀ. ಎಂದಿಟ್ಟುಕೊಳ್ಳಿ, ಗಾಳಿಯಲ್ಲಿ ವಿಮಾನದ ವೇಗ ಗಂಟೆಗೆ 900. ಪ್ರಯಾಣದುದ್ದಕ್ಕೂ ಸರಾಸರಿ 50 ಕಿ.ಮೀ. ವೇಗದ ಗಾಳಿ ಬೆನ್ನಿಗಿದ್ದರೆ ನೆಲದ ಮೇಲಿನ ವೇಗ 950, ಅವಧಿ ಹದಿನೈದು ಗಂಟೆ ಹದಿನಾರು ನಿಮಿಷ. ಅದೇ ಗಾಳಿ ಎದುರಿಗಿದ್ದರೆ ವೇಗ 850, ಅವಧಿ ಹದಿನೇಳು ಗಂಟೆ ನಾಲ್ಕು ನಿಮಿಷ. ವಿಮಾನ ಅದೇ, ದಾರಿ ಅದೇ. ಗಾಳಿಯೊಂದರಿಂದಲೇ ಒಂದೂಮುಕ್ಕಾಲು ಗಂಟೆಗೂ ಹೆಚ್ಚಿನ ಅಂತರ ಬಂತು. ಹೋಗುವುದಕ್ಕಿಂತ ಬರುವುದಕ್ಕೆ ಹೆಚ್ಚು ಹೊತ್ತು ಹಿಡಿಯುವುದು ಇದರಿಂದ. ಹಿಂದಿರುಗುವ ವಿಮಾನಗಳು ಆ ಎದುರುಗಾಳಿಗೆ ಮುಖ ಕೊಡದಿರಲೆಂದೇ ಉತ್ತರಕ್ಕೆ, ಗಾಳಿ ದುರ್ಬಲವಾಗಿರುವ ಧ್ರುವಪ್ರದೇಶಕ್ಕೆ ಸರಿಯಲು ಬಯಸುತ್ತವೆ.

ಏರ್ ಇಂಡಿಯಾ ಈ ಎರಡು ನಗರಗಳ ನಡುವೆ ನೇರ ಸೇವೆಯನ್ನು ಆರಂಭಿಸಿದ್ದು 2021ರ ಜನವರಿಯಲ್ಲಿ. ಮೊದಲ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ 9ರ ರಾತ್ರಿ ಹೊರಟು, ಉತ್ತರ ಧ್ರುವದ ಮೇಲೆ ಹಾರಿ, ಹದಿನೇಳು ಗಂಟೆಗಳ ಹಾರಾಟದ ಬಳಿಕ 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಅದನ್ನು ನಡೆಸಿದ ನಾಲ್ವರು ಪೈಲಟ್‌ಗಳೂ ಮಹಿಳೆಯರೇ ಆಗಿದ್ದರು. ಬಳಸಿದ್ದು ಬೋಯಿಂಗ್ 777-200ಎಲ್‌ಆರ್; ಪೂರ್ತಿ ತುಂಬಿಸಿದರೆ 1,81,000 ಲೀಟರ್ ಇಂಧನ ಹಿಡಿಯುವ ವಿಮಾನ ಅದು. ಇಷ್ಟು ದೂರದ ಹಾರಾಟದಲ್ಲಿ ಇಂಧನದ ಒಂದು ದೊಡ್ಡ ಪಾಲು ಉಳಿದ ಇಂಧನವನ್ನು ಹೊರುವುದಕ್ಕೇ ಉರಿದುಹೋಗುತ್ತದೆ ಎಂಬುದನ್ನು ನಮ್ಮ ಕಸುಬಿನ ಹೊರಗಿನವರು ಸಾಮಾನ್ಯವಾಗಿ ಊಹಿಸಿರುವುದಿಲ್ಲ. ಧ್ರುವದ ಕಡೆ ಹೋಗುವಾಗ ಇಂಧನದ ತಂಪಿನ ಮೇಲೂ ಕಣ್ಣಿಡಬೇಕು. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನದ ಹೆಪ್ಪುಗಟ್ಟುವ ಮಿತಿ ಮೈನಸ್ 40 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ರೆಕ್ಕೆಯೊಳಗಿನ ಇಂಧನ ಮಿತಿಯ ಹತ್ತಿರ ಬಂದರೆ ಕೆಳಗಿಳಿದೋ ವೇಗ ಹೆಚ್ಚಿಸಿಯೋ ಅದನ್ನು ಬೆಚ್ಚಗಾಗಿಸಿಕೊಳ್ಳುತ್ತಾರೆ.

ಎರಡೇ ಎಂಜಿನ್ ಇರುವ ವಿಮಾನ ಯಾವ ಕ್ಷಣದಲ್ಲೂ, ಒಂದು ಎಂಜಿನ್ ಕೆಟ್ಟರೆ ಇನ್ನೊಂದರ ಬಲದಿಂದ ನಿಗದಿತ ಹೊತ್ತಿನೊಳಗೆ ತಲುಪಬಹುದಾದ ನಿಲ್ದಾಣವೊಂದನ್ನು ಕೈಯಳತೆಯಲ್ಲಿ ಇಟ್ಟುಕೊಂಡೇ ಹಾರಬೇಕು. ಈ ನಿಯಮವೂ ದಾರಿಯನ್ನು ಅಲ್ಲಲ್ಲಿ ಬಾಗಿಸುತ್ತದೆ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವತೀರದ ಮಗದಾನ್‌ನಲ್ಲಿ ಇಳಿದದ್ದು, ಪ್ರಯಾಣಿಕರನ್ನು ಕರೆದೊಯ್ಯಲು ಮುಂಬೈಯಿಂದ ಬೇರೆ ವಿಮಾನವನ್ನೇ ಕಳಿಸಬೇಕಾದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಮಗದಾನ್ ಅಂಥ ನಿಲ್ದಾಣಗಳಲ್ಲೊಂದು.

ಕೊನೆಯದು ರಾಜಕೀಯ, ಮತ್ತು ಇಂದಿನ ಮಟ್ಟಿಗೆ ಅದೇ ಎಲ್ಲಕ್ಕಿಂತ ಭಾರವಾದದ್ದು. 2022ರಿಂದ ರಷ್ಯಾದ ಆಕಾಶ ಅಮೆರಿಕದ ಮತ್ತು ಯೂರೋಪಿನ ಹೆಚ್ಚಿನ ಸಂಸ್ಥೆಗಳಿಗೆ ಮುಚ್ಚಿದೆ, ಭಾರತದ ಸಂಸ್ಥೆಗಳಿಗೆ ಮುಚ್ಚಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತೀಯ ಸಂಸ್ಥೆಗಳಿಗೆ ಮುಚ್ಚಿತು. ಅಲ್ಲಿಂದ ಮುಂದೆ ಏರ್ ಇಂಡಿಯಾದ ಹಲವು ಅಮೆರಿಕ ವಿಮಾನಗಳು ಹೆಚ್ಚು ಸುತ್ತು ಹಾಕಬೇಕಾಯಿತು, ಕೆಲವು ನಡುವೆ ಇಂಧನಕ್ಕಾಗಿ ಇಳಿಯಬೇಕಾಯಿತು. ಆದ್ದರಿಂದ ನೇರ ವಿಮಾನ ಎಂದು ಕೇಳಿದ ತಕ್ಷಣ ಹಣ ಕಟ್ಟಬೇಡಿ. ಆ ಋತುವಿನಲ್ಲಿ ಆ ಸೇವೆ ಇದೆಯೇ, ಇದ್ದರೆ ನಡುವೆ ತಾಂತ್ರಿಕ ನಿಲುಗಡೆ ಇದೆಯೇ ಎಂಬುದನ್ನು ಟಿಕೆಟಿನ ವಿವರದಲ್ಲಿ ಮೊದಲು ನೋಡಿ. ತಾಂತ್ರಿಕ ನಿಲುಗಡೆಯಲ್ಲಿ ಪ್ರಯಾಣಿಕರು ಸಾಮಾನ್ಯವಾಗಿ ಆಸನದಲ್ಲೇ ಕುಳಿತಿರುತ್ತಾರೆ, ವಿಮಾನದ ಸಂಖ್ಯೆ ಬದಲಾಗುವುದಿಲ್ಲ, ಆದರೆ ಒಂದೆರಡು ಗಂಟೆ ಹೋಗುತ್ತದೆ.

ಪ್ರಶ್ನಿಸಿದವರ ಮರುಬರಹ: ತುಮಕೂರಿನವ

ಇಬ್ಬರಿಗೂ ಅನಂತ ಧನ್ಯವಾದಗಳು. ದಾರದ ಪ್ರಯೋಗ ನಡೆಯಿತು. ತಂದೆಯವರು ಅಡಿಕೋಲನ್ನು ಪಕ್ಕಕ್ಕಿಟ್ಟಿದ್ದಾರೆ. ಈಗ ಉಳಿದಿರುವುದು ತಾರೀಖಿನ ಒಗಟು. ಜೊತೆಗೆ, ನೇರ ವಿಮಾನ ಸಿಗದೇ ಹೋದರೆ ದೆಹಲಿ, ದುಬೈ, ಫ್ರಾಂಕ್‌ಫರ್ಟ್, ಟೋಕಿಯೊ, ಸಿಂಗಪುರ ಇವುಗಳಲ್ಲಿ ಯಾವುದರ ಮೂಲಕ ಹೋದರೆ ಸುತ್ತು ಕಡಿಮೆ? ಒಬ್ಬ ಏಜೆಂಟರು ದೆಹಲಿ ತೀರ ಸುತ್ತು, ದುಬೈ ಹತ್ತಿರ ಎಂದು ಹೇಳುತ್ತಿದ್ದಾರೆ.

ಉತ್ತರ: ಫ್ರೀಮಾಂಟ್_ನಿವಾಸಿ

ತಾರೀಖಿನ ಒಗಟಿಗೆ ಒಂದೇ ಸೂತ್ರ: ಪ್ರಯಾಣ ಮುಗಿಯುವವರೆಗೂ ಬೆಂಗಳೂರಿನ ಗಡಿಯಾರದಲ್ಲೇ ಎಣಿಸಿ, ಕೊನೆಯಲ್ಲಿ ಒಮ್ಮೆ ಮಾತ್ರ ಕಳೆಯಿರಿ. ಭಾರತದ ಸಮಯ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಕ್ಯಾಲಿಫೋರ್ನಿಯಾದ ಸಮಯ ಚಳಿಗಾಲದಲ್ಲಿ ಗ್ರೀನಿಚ್‌ಗಿಂತ ಎಂಟು ಗಂಟೆ ಹಿಂದೆ, ಬೇಸಿಗೆಯಲ್ಲಿ ಏಳು ಗಂಟೆ ಹಿಂದೆ. ಇಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಹಾಗಾಗಿ ನಿಮ್ಮವರು ಬರುವ ಜನವರಿಯಲ್ಲಿ ಅಂತರ ಹದಿಮೂರೂವರೆ ಗಂಟೆ, ಹಿಂದಿರುಗುವ ಏಪ್ರಿಲ್‌ನಲ್ಲಿ ಹನ್ನೆರಡೂವರೆ ಗಂಟೆ.

ಜನವರಿಯ ಒಂದು ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಹೊರಟು ಹದಿನಾರು ಗಂಟೆ ಹಾರಿದರೆ, ಇಳಿಯುವಾಗ ಬೆಂಗಳೂರಿನಲ್ಲಿ ಶನಿವಾರ ಬೆಳಿಗ್ಗೆ ಏಳು. ಅದರಿಂದ ಹದಿಮೂರೂವರೆ ಕಳೆದರೆ ಇಲ್ಲಿ ಶುಕ್ರವಾರ ಸಂಜೆ ಐದೂವರೆ. ಹದಿನಾರು ಗಂಟೆ ಹಾರಿದರೂ ಗಡಿಯಾರಕ್ಕೆ ಎರಡೂವರೆ ಗಂಟೆಯಷ್ಟೇ ಆಗಿರುತ್ತದೆ. ಪೂರ್ವದ ದಾರಿಯಾದರೆ ಹೊರಟ ಕೆಲವೇ ಗಂಟೆಗಳಲ್ಲಿ ಕತ್ತಲಾಗುತ್ತದೆ, ಪೆಸಿಫಿಕ್ ಮೇಲೆ ಬೆಳಗಾಗುತ್ತದೆ, ಆ ಬೆಳಗು ಹೊರಟ ದಿನದ್ದೇ ಬೆಳಗು. ನಡುವೆ ಅಂತರರಾಷ್ಟ್ರೀಯ ದಿನರೇಖೆಯನ್ನು ದಾಟುವುದರಿಂದ ಶುಕ್ರವಾರ ಎರಡನೇ ಸಲ ಆರಂಭವಾಗಿರುತ್ತದೆ. ಪಶ್ಚಿಮದ ದಾರಿಯಾಗಿ ಅಟ್ಲಾಂಟಿಕ್ ಮೇಲೆ ಬಂದವರು ಆ ರೇಖೆಯನ್ನು ದಾಟುವುದಿಲ್ಲ, ಬದಲಿಗೆ ಗಂಟೆಗಂಟೆಯಾಗಿ ಹಿಂದೆ ಸರಿಯುತ್ತ ಬರುತ್ತಾರೆ. ಕೊನೆಗೆ ಸಿಗುವ ತಾರೀಖು ಅದೇ.

ಹಿಂದಿರುಗುವಾಗ ಇದೆಲ್ಲ ಉಲ್ಟಾ. ಏಪ್ರಿಲ್‌ನ ಶನಿವಾರ ರಾತ್ರಿ ಎಂಟೂವರೆಗೆ ಇಲ್ಲಿಂದ ಹೊರಟರೆ ಬೆಂಗಳೂರಿನಲ್ಲಿ ಆಗಲೇ ಭಾನುವಾರ ಬೆಳಿಗ್ಗೆ ಒಂಬತ್ತು. ಹದಿನೇಳೂವರೆ ಗಂಟೆ ಸೇರಿಸಿದರೆ ಸೋಮವಾರ ನಸುಕಿನ ಎರಡೂವರೆ. ಭಾನುವಾರವೆಂಬುದು ಪೂರ್ತಿ ಆಕಾಶದಲ್ಲಿ ಕಳೆದುಹೋಗುತ್ತದೆ. ಕಾರು ಕಳಿಸುವವರು ಭಾನುವಾರ ರಾತ್ರಿ ಎಂದು ಹೇಳಿಬಿಟ್ಟು, ಅಪರಾತ್ರಿಯಲ್ಲಿ ತಾರೀಖು ತಪ್ಪಿಸಿಕೊಳ್ಳುವುದು ನಮ್ಮ ಕನ್ನಡ ಬಳಗದಲ್ಲಿ ಆಗಾಗ ಕೇಳಿಬರುವ ಕಥೆ. ಮಧುಮೇಹದಂಥ ಔಷಧಗಳಿದ್ದರೆ ಅವನ್ನೂ ಸ್ಥಳೀಯ ಗಡಿಯಾರದಿಂದಲ್ಲದೆ ಹಿಂದಿನ ಗುಳಿಗೆಯಿಂದ ಕಳೆದ ಗಂಟೆಗಳ ಲೆಕ್ಕದಲ್ಲಿ ಹೇಗೆ ತೆಗೆದುಕೊಳ್ಳಬೇಕೆಂದು ವೈದ್ಯರಿಂದ ಬರೆಸಿಕೊಂಡು ಬರಲಿ.

ಏಜೆಂಟರ ಮಾತನ್ನು ಲೆಕ್ಕ ಒಪ್ಪುವುದಿಲ್ಲ. ಬೆಂಗಳೂರಿನಿಂದ ದೆಹಲಿ ಸುಮಾರು 1,700 ಕಿ.ಮೀ., ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 12,380. ಒಟ್ಟು 14,100ರ ಹತ್ತಿರ, ಅಂದರೆ ಕನಿಷ್ಠ ದೂರಕ್ಕೂ ಇದಕ್ಕೂ ನೂರು ಕಿಲೋಮೀಟರ್ ಅಂತರ ಮಾತ್ರ. ದೆಹಲಿ ದಾರಿಯಲ್ಲೇ ಸಿಗುವ ಊರು. ಟೋಕಿಯೊ ಮೂಲಕ 14,900. ದುಬೈ ಮೂಲಕ 2,700 ಮತ್ತು 13,000 ಸೇರಿ 15,700. ಫ್ರಾಂಕ್‌ಫರ್ಟ್ ಮೂಲಕ 16,550, ಸಿಂಗಪುರ ಮೂಲಕ 16,750. ಇವೆಲ್ಲ ದಾರ ಎಳೆದ ದೂರಗಳು. ಹಿಂದಿನ ಉತ್ತರದಲ್ಲಿ ಹೇಳಿದ ಕಾರಣಗಳಿಂದ ಹಾರುವ ದೂರ ಇನ್ನಷ್ಟು ಹೆಚ್ಚು. ದುಬೈ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ರೇಖಾಂಶದಲ್ಲಿ ಸುಮಾರು 178 ಡಿಗ್ರಿ ಆಚೀಚೆ ಇರುವುದರಿಂದ ಅವುಗಳ ನಡುವಿನ ಕನಿಷ್ಠ ದಾರಿ ಹೆಚ್ಚುಕಡಿಮೆ ಧ್ರುವದ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ ಎಂಬುದನ್ನು ಮೇಷ್ಟ್ರು ಗೋಳದ ಮೇಲೆ ನೋಡಬಹುದು.

ಆದರೆ ವಯಸ್ಸಾದವರ ವಿಷಯದಲ್ಲಿ ನಾನು ಕಿಲೋಮೀಟರ್‌ಗಿಂತ ಪ್ರಯಾಣ ಎಲ್ಲಿ ತುಂಡಾಗುತ್ತದೆ ಎಂಬುದನ್ನು ಹೆಚ್ಚು ನೋಡುತ್ತೇನೆ. ದುಬೈ ಮೂಲಕ ಹೋದರೆ ನಾಲ್ಕು ಗಂಟೆಯ ಒಂದು ತುಂಡು, ಹದಿನಾರು ಗಂಟೆಯ ಇನ್ನೊಂದು ತುಂಡು. ನಡುವೆ ಇಳಿದರೂ ಉದ್ದನೆಯ ಹಾರಾಟ ತಪ್ಪಲಿಲ್ಲ. ದೆಹಲಿಯದ್ದೂ ಇದೇ ಕಥೆ, ಮೂರು ಗಂಟೆಯ ಬಳಿಕ ಹದಿನಾರರ ಆಸುಪಾಸು. ಟೋಕಿಯೊ ಮೂಲಕವಾದರೆ ಸುಮಾರು ಎಂಟು ಮತ್ತು ಒಂಬತ್ತೂವರೆ, ಫ್ರಾಂಕ್‌ಫರ್ಟ್ ಮೂಲಕವಾದರೆ ಸುಮಾರು ಹತ್ತು ಮತ್ತು ಹನ್ನೊಂದೂವರೆ. ಮೊಣಕಾಲು ನೋವಿರುವವರಿಗೆ ಈ ಸಮಪಾಲು ಎಷ್ಟೋ ವಾಸಿ. ನಡುವಿನ ನಿಲುಗಡೆ ಮೂರು ಗಂಟೆಗಿಂತ ಕಡಿಮೆಯಿರದಂತೆ ನೋಡಿಕೊಳ್ಳಿ, ಗಾಲಿಕುರ್ಚಿಯ ನೆರವನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿ ಬರೆಸಿ.

ಮನೆಯಿಂದ ಮನೆಗೆ ಎಣಿಸಿದರೆ ನೇರ ವಿಮಾನವೂ ಒಂದು ಪೂರ್ತಿ ಹಗಲುರಾತ್ರಿಯನ್ನು ನುಂಗುತ್ತದೆ. ತುಮಕೂರಿನಿಂದ ದಾಬಸ್‌ಪೇಟೆ, ದೊಡ್ಡಬಳ್ಳಾಪುರ ಮಾರ್ಗವಾಗಿ ದೇವನಹಳ್ಳಿಗೆ ಎರಡು ಗಂಟೆ, ನಿಲ್ದಾಣದಲ್ಲಿ ಮೂರೂವರೆ ಗಂಟೆ, ಹಾರಾಟ ಹದಿನಾರು, ಇಲ್ಲಿ ವಲಸೆ ತಪಾಸಣೆ ಮತ್ತು ಸಾಮಾನು ಸೇರಿ ಒಂದೂವರೆ, 101 ಹೆದ್ದಾರಿಯಲ್ಲಿ ಸನಿವೇಲ್‌ಗೆ ಸಂಜೆಯ ದಟ್ಟಣೆಯಲ್ಲಿ ಒಂದು ಗಂಟೆ. ಒಟ್ಟು ಇಪ್ಪತ್ತನಾಲ್ಕು.

ಉತ್ತರ: ನೇರದಾರಿ

ಫ್ರೀಮಾಂಟ್‌ನವರ ಸಮಪಾಲಿನ ವಾದವನ್ನು ನಾನು ಒಪ್ಪುವುದಿಲ್ಲ. ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯರಿಗೆ ಕಷ್ಟವಾಗುವುದು ಕುಳಿತಿರುವುದಲ್ಲ, ಇಳಿದು ಹತ್ತುವುದು. ನಡುವಿನ ನಿಲ್ದಾಣದಲ್ಲಿ ದ್ವಾರದ ಸಂಖ್ಯೆ ಕೊನೆಯ ಗಳಿಗೆಯಲ್ಲಿ ಬದಲಾಗುತ್ತದೆ, ರೈಲಿನಲ್ಲಿ ಕುಳಿತು ಇನ್ನೊಂದು ಕಟ್ಟಡಕ್ಕೆ ಹೋಗಬೇಕಾಗುತ್ತದೆ, ಭದ್ರತಾ ತಪಾಸಣೆ ಮತ್ತೊಮ್ಮೆ ನಡೆಯುತ್ತದೆ. ಎರಡು ಗಂಟೆ ಹೆಚ್ಚು ಕುಳಿತರೂ ಚಿಂತೆಯಿಲ್ಲ, ಹತ್ತಿದ ವಿಮಾನದಲ್ಲೇ ಇಳಿಯುವಂತಿರಲಿ ಎಂಬುದು ನಮ್ಮ ಮನೆಯ ಹಿರಿಯರ ಅನುಭವದಿಂದ ಬಂದ ನನ್ನ ಅಭಿಪ್ರಾಯ. ನೇರ ವಿಮಾನ ಸಿಗದಿದ್ದರೆ ದೆಹಲಿಯೇ ಮೇಲು. ಅಲ್ಲಿ ಕೇಳಿದರೆ ಹಿಂದಿಯಲ್ಲಾದರೂ ಉತ್ತರ ಸಿಗುತ್ತದೆ. ಅಮೆರಿಕದ ಇನ್ನೊಂದು ನಗರದಲ್ಲಿ ಇಳಿದು ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಬರುವ ಟಿಕೆಟ್ ಮಾತ್ರ ಬೇಡ. ಮೊದಲು ಇಳಿದ ಊರಿನಲ್ಲೇ ವಲಸೆ ತಪಾಸಣೆ ಮುಗಿಸಿ, ಸಾಮಾನು ಎತ್ತಿಕೊಂಡು ಮತ್ತೆ ಒಪ್ಪಿಸಬೇಕಾಗುತ್ತದೆ.

ಉತ್ತರ: ಹಳೆಯ_ಡಿಸ್ಪ್ಯಾಚರ್

ಒಂದು ಮಾತು ಬಿಟ್ಟುಹೋಗಿತ್ತು. ಟಿಕೆಟಿನಲ್ಲಿ ಮುದ್ರಿಸುವ ಅವಧಿ ಗಾಳಿಯಲ್ಲಿರುವ ಅವಧಿಯಲ್ಲ. ಹೊರಡುವ ನಿಲ್ದಾಣದ ದ್ವಾರದಿಂದ ವಿಮಾನ ಹಿಂದೆ ಸರಿದ ಗಳಿಗೆಯಿಂದ, ತಲುಪಿದ ನಿಲ್ದಾಣದ ದ್ವಾರದಲ್ಲಿ ನಿಂತ ಗಳಿಗೆಯವರೆಗಿನದು. ಓಡುದಾರಿಗೆ ಹೋಗುವುದು, ಸರದಿ ಕಾಯುವುದು ಎಲ್ಲವೂ ಅದರಲ್ಲಿ ಸೇರಿರುತ್ತವೆ. ಅದರ ಮೇಲೆ ಆ ಋತುವಿನ ಸರಾಸರಿ ಗಾಳಿಗೆಂದು ಸಂಸ್ಥೆಗಳು ಒಂದಷ್ಟು ಹೊತ್ತನ್ನು ಸೇರಿಸಿಯೇ ವೇಳಾಪಟ್ಟಿ ಮಾಡುತ್ತವೆ. ಆದ್ದರಿಂದ ವಿಮಾನ ತಡವಾಗಿ ಹೊರಟರೂ ಹೊತ್ತಿಗೆ ಸರಿಯಾಗಿ ಇಳಿಯುವುದು ಅಪರೂಪವೇನಲ್ಲ.

ನಿಜವಾದ ಅಂಕಿ ಬೇಕಿದ್ದರೆ ದೂರ ಲೆಕ್ಕಹಾಕುವ ಜಾಲತಾಣಗಳನ್ನು ಬಿಟ್ಟು, ವಿಮಾನಗಳ ಜಾಡು ತೋರಿಸುವ ಫ್ಲೈಟ್‌ರಾಡಾರ್24 ಅಂಥ ತಾಣದಲ್ಲಿ ನೀವು ಕೊಳ್ಳಬೇಕೆಂದಿರುವ ವಿಮಾನದ ಸಂಖ್ಯೆಯನ್ನು ಹಾಕಿ ನೋಡಿ. ಕಳೆದ ಕೆಲವು ದಿನಗಳಲ್ಲಿ ಅದು ಯಾವಾಗ ಮೇಲೇರಿತು, ಯಾವಾಗ ಇಳಿಯಿತು, ಯಾವ ದೇಶಗಳ ಮೇಲೆ ಹೋಯಿತು ಎಂಬುದೆಲ್ಲ ಅಲ್ಲಿ ಕಾಣುತ್ತದೆ. ಹೋಗುವ ವಿಮಾನದ ಸಂಖ್ಯೆ, ಬರುವ ವಿಮಾನದ ಸಂಖ್ಯೆ ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ಈ ತಿಂಗಳ ಹೋಗುವ ಅವಧಿಯನ್ನು ಜನವರಿಗೆ ಹೊಂದಿಸುವಾಗ, ಚಳಿಗಾಲ ಬಲಿತಂತೆ ಪೂರ್ವದ ದಾರಿಯಲ್ಲಿ ಕೆಲವು ನಿಮಿಷಗಳು ಉಳಿಯುತ್ತವೆ ಎಂದು ಇಟ್ಟುಕೊಳ್ಳಿ. ಬರುವ ವಿಮಾನದ ಏಪ್ರಿಲ್ ಅವಧಿಯನ್ನು ಮಾರ್ಚ್ ಕೊನೆಯಲ್ಲಿ ಬೇಸಿಗೆಯ ವೇಳಾಪಟ್ಟಿ ಜಾರಿಗೆ ಬಂದ ಮೇಲೆ ಇನ್ನೊಮ್ಮೆ ನೋಡಿ, ಕಾರಿನವರಿಗೆ ಆಗ ಹೇಳಿದರೆ ಸಾಕು.